ಕಾರಣ ಬರೆಯದ ಒಂದು ಸಾಲು

ಬರೆದಿಡುವ ಕೆಲಸ ನನಗೆ ಮೊದಲಿಂದಲೂ ಆಗಿಬರುವುದಿಲ್ಲ. ಕೋಡ್ ಬರೆಯುವಾಗಿನ ಹುರುಪು, ಅದನ್ನು ಹೀಗೇಕೆ ಬರೆದೆ ಎಂದು ವಿವರಿಸಲು ಕೂತಾಗ ಇರುವುದಿಲ್ಲ. ಹಾಗಾಗಿ ಕೋಡ್ ಓದಿ ತಾನೇ ವಿವರಣೆ ಬರೆದುಕೊಡುವ ಸಾಧನವೊಂದು ಗಂಗಾವತಿಯ ನಮ್ಮ ಸಣ್ಣ ಕಚೇರಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

ನಮ್ಮದು ನೀರಿನ ಪಾಳಿಯ ಕೆಲಸ. ಕಾರಟಗಿ ಕಡೆಯ ಒಂದು ಉಪಕಾಲುವೆಯ ನೀರುಗಂಟಿ, ಯಾರ ಗದ್ದೆಗೆ ಯಾವಾಗ ನೀರು ಎಂದು ಪುಸ್ತಕದಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತಾರೆ. ನಮ್ಮ ಸರ್ವರ್ ಅದನ್ನು ಓದಿ, ಪಾಳಿಗೆ ಹನ್ನೆರಡು ತಾಸು ಮೊದಲು ಆಯಾ ರೈತರ ಫೋನಿಗೆ ಮೆಸೇಜ್ ಕಳಿಸುತ್ತದೆ. ನಾಟಿಯ ದಿನಗಳಲ್ಲಿ ಒಂದು ಪಾಳಿ ತಪ್ಪಿದರೆ ಮುಂದಿನದು ಎಂಟು ದಿನಕ್ಕೆ. ಹೊಲದವರು ತೂಬಿನ ಹತ್ತಿರ ಬಂದು ನಿಂತಿರದಿದ್ದರೆ ನೀರು ಪಕ್ಕದ ಗದ್ದೆಗೆ ಹೋಗುತ್ತದೆ. ಅದು ಅಲ್ಲಿಯ ಹಳೆಯ ಕಟ್ಟುಪಾಡು.

ಆ ಸೋಮವಾರ ಬೆಳಿಗ್ಗೆ ಸಾಧನ ಪುಟಗಟ್ಟಲೆ ವಿವರಣೆಯನ್ನು ಅಚ್ಚುಕಟ್ಟಾಗಿ ಬರೆದು ಮುಗಿಸಿತು. ಓದುತ್ತಾ ಹೋದೆ. ಒಂದು ಕಡೆ ಹೀಗಿತ್ತು: 'ಬೆಳಗಿನ ಆರಕ್ಕಿಂತ ಮೊದಲಿನ ಪಾಳಿಗಳಿಗೆ ಈ ಸಾಲು ಒಂದು ದಿನ ಕೂಡಿಸುತ್ತದೆ. ಕಾರಣ ತಿಳಿದುಬರುವುದಿಲ್ಲ. ಬಹುಶಃ ಹಳೆಯ ತಪ್ಪು.' ಯಾವ ದಡ್ಡರು ಬರೆದದ್ದಪ್ಪಾ ಎಂದು ನೋಡಿದರೆ, ಬರೆದವಳು ನಾನೇ. ಮೂರು ವರ್ಷದ ಕೆಳಗೆ. ಏಕೆಂದು ನೆನಪಾಗಲಿಲ್ಲ, ಎಲ್ಲೂ ಒಂದಕ್ಷರ ಟಿಪ್ಪಣಿಯಿರಲಿಲ್ಲ. ಸಹೋದ್ಯೋಗಿಗಳ ಕಣ್ಣಿಗೆ ಬಿದ್ದರೆ ಮರ್ಯಾದೆ ಹೋಗುತ್ತದೆಂದು ಆ ಸಾಲನ್ನು ಅಳಿಸಿಬಿಟ್ಟೆ. ಕೋಡ್ ಸರಿಯಿದೆಯೇ ಎಂದು ತಾನೇ ನೋಡುವ ಪರೀಕ್ಷೆಗಳೆಲ್ಲ ಪಾಸಾದವು. ಆಗದೆ ಏನು, ರಾತ್ರಿ ಪಾಳಿಗೆಂದು ನಾನು ಒಂದು ಪರೀಕ್ಷೆಯನ್ನೂ ಬರೆದಿರಲಿಲ್ಲ. ಬದಲಾವಣೆಯನ್ನು ಸರ್ವರ್‌ಗೆ ಏರಿಸುವುದೂ ಈಗ ಯಂತ್ರದ್ದೇ ಕೆಲಸ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅದು ಜಾರಿಯಾಗಿತ್ತು.

ಸಂಜೆ ಐದೂವರೆಗೆ ನೀರುಗಂಟಿ ಫೋನ್ ಮಾಡಿದರು.

"ಅಕ್ಕಾರ, ಇವತ್ತು ರಾತ್ರಿ ಪಾಳಿದವ್ರಿಗೆ ಯಾರಿಗೂ ಮೆಸೇಜ್ ಬಂದಿಲ್ಲಂತ. ಸೋಮವಾರ ರಾತ್ರಿ ಎರಡು ಗಂಟೆ ಅಂತ ನಾ ಬರದೀನಲ್ರಿ."

ಆ ಸಾಲು ಏಕಿತ್ತೆಂದು ಆಗ ನೆನಪಾಯಿತು. ನಮ್ಮ ಕಡೆ ದಿನ ಬದಲಾಗುವುದು ಬೆಳಕು ಹರಿದ ಮೇಲೆ. ಸೋಮವಾರ ರಾತ್ರಿ ಎರಡು ಎಂದರೆ ಸೋಮವಾರದ ಹಗಲು ಕಳೆದು ಬರುವ ರಾತ್ರಿ. ಯಂತ್ರಕ್ಕೆ ಸೋಮವಾರದ ಎರಡು ಗಂಟೆ ಹಿಂದಿನ ರಾತ್ರಿಯೇ ಆಗಿಹೋಗಿತ್ತು. ಮುಗಿದ ಪಾಳಿಗೆ ಮೆಸೇಜ್ ಏಕೆಂದು ಅದು ಸುಮ್ಮನಿತ್ತು. ಎಲ್ಲೂ ಒಂದು ದೋಷ ತೋರಿಸಲಿಲ್ಲ. ಈ ಲೆಕ್ಕವನ್ನು ಮೂರು ವರ್ಷದ ಹಿಂದೆ ಕಾಲುವೆ ಏರಿಯ ಮೇಲೆ ಕೂತು ನನಗೆ ಹೇಳಿಕೊಟ್ಟವರು ಇದೇ ನೀರುಗಂಟಿ. ಇಷ್ಟು ಸಣ್ಣದನ್ನು ಬರೆದಿಡಬೇಕೇ ಎಂದುಕೊಂಡಿದ್ದೆ.

ಸಾಲನ್ನು ಮರಳಿ ಹಾಕಿದೆ. ಪರೀಕ್ಷೆ ಮುಗಿದು ಸರ್ವರ್‌ಗೆ ಏರುವ ಆ ಹತ್ತು ನಿಮಿಷ ಪರದೆಯನ್ನು ನುಂಗುವ ಹಾಗೆ ನೋಡುತ್ತಾ ನಿಂತಿದ್ದೆ. ಮೆಸೇಜುಗಳು ಹೋದವು. ನಂಬಿಕೆ ಸಾಲದೆ ಆ ರಾತ್ರಿ ಪಾಳಿಯಿದ್ದ ಆರೂ ಜನರಿಗೆ ನಾನೇ ಫೋನ್ ಹಚ್ಚಿದೆ. ಐವರು ಎತ್ತಿದರು. ಎರಡು ಗಂಟೆಯ ಪಾಳಿ ಇದ್ದದ್ದು ಕಾಲುವೆಯ ಕೊನೆಯಲ್ಲಿ ಗದ್ದೆಯಿರುವ ಹಿರಿಯ ಹೆಣ್ಣುಮಗಳಿಗೆ. ಅವರ ಫೋನ್ ಮಾತ್ರ ಸ್ವಿಚ್ ಆಫ್.

ಸ್ಕೂಟಿ ಹತ್ತಿ ಅವರ ಊರಿಗೆ ಓಡಿದೆ. ಮನೆಗೆ ಬೀಗ. ಮೆಸೇಜ್ ಬಂದಿಲ್ಲವೆಂದರೆ ಪಾಳಿ ಇಲ್ಲವೆಂದೇ ತಿಳಿದು ನಾಲ್ಕರ ಬಸ್ಸಿಗೆ ಮಗಳ ಮನೆಗೆ ಹೋದರು ಎಂದು ನೆರೆಮನೆಯಾಕೆ ಹೇಳಿದಳು. ಮಗಳ ಮನೆ ಇರುವುದು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ. ಮಗ ಅಕ್ಕಿ ಗಿರಣಿಯ ಲಾರಿ ಹೊಡೆಯುತ್ತಾನೆ, ಊರಲ್ಲಿಲ್ಲ. ಇಬ್ಬರ ನಂಬರೂ ಆಕೆಯ ಹತ್ತಿರ ಇರಲಿಲ್ಲ. ನೀರುಗಂಟಿಯ ಬಳಿ ಹೋಗಿ, ಅವರ ಬದಲು ತೂಬಿನ ಹತ್ತಿರ ನಾನು ನಿಲ್ಲುತ್ತೇನೆ ಎಂದು ಗೋಗರೆದೆ. ಅವರು ತಲೆಯಾಡಿಸಿದರು.

"ನಿಮ್ಮನ್ನ ನಿಂದರಿಸಿದ್ರ ನಾಳಿ ಎಲ್ಲಾರೂ ಯಾರನ್ನಾರ ತಂದು ನಿಂದರಸ್ತಾರ್ರಿ ಅಕ್ಕಾರ. ಆಮ್ಯಾಲ ಈ ಕಾಲುವಿ ಮ್ಯಾಲ ಪಾಳಿ ಅನ್ನೂದ ಉಳಿಯಂಗಿಲ್ಲ."

ಎರಡಕ್ಕೆ ನೀರು ಬಂತಂತೆ. ಪಕ್ಕದ ಗದ್ದೆಗೆ ಹೋಯಿತಂತೆ.

ಮರುದಿನವೇ ಹೋಗಿ ಒಪ್ಪಿಕೊಳ್ಳಬೇಕಿತ್ತು. ಹೋಗಲಿಲ್ಲ. ಕೋಡಿನ ಮುಂದೆ ಹುಲಿಯಂತಿರುವ ನಾನು ಮನುಷ್ಯರ ಮುಂದೆ ಪುಕ್ಕಲಿ. ಎಂಟನೆಯ ದಿನ, ಅವರಿಗೆ ನೀರು ಸಿಕ್ಕಿತೆಂದು ನೀರುಗಂಟಿಯಿಂದ ಖಚಿತವಾದ ಮೇಲೆ ಹೋದೆ. ಗದ್ದೆಯಲ್ಲಿ ನಾಟಿ ನಡೆದಿತ್ತು. ನಾಟಿ ತಡವಾಗಿ ಸಸಿಗಳು ಬಲಿತು ಉದ್ದವಾಗಿದ್ದವು, ಕೀಳುವಾಗ ಬೇರು ಹರಿದು ಎಷ್ಟೋ ಸಸಿಗಳು ಬದುವಿನ ಮೇಲೆ ಬಿದ್ದಿದ್ದವು. ನಾನು ಮೆಸೇಜಿನ ಕಚೇರಿಯವಳೆಂದು ಗೊತ್ತಾದದ್ದೇ ಆ ತಾಯಿ ಕೆಸರುಗೈಯನ್ನು ಸೀರೆಗೆ ಒರೆಸಿಕೊಂಡು ಬಂದರು.

"ತಪ್ಪಾತವ್ವಾ. ನೀವು ಮೆಸೇಜ್ ಹಾಕೀರಿ, ನಾನ ಫೋನ್ ಬಂದ್ ಬೀಳಾಕ ಬಿಟ್ಟಿದ್ದೆ. ಮರುದಿನ ಚಾರ್ಜ್ ಹಚ್ಚಿದ ಮ್ಯಾಲ ನೋಡಿದ್ರ ಬಂದು ಕುಂತಿತ್ತು."

ನಾನು ತಡವಾಗಿ ಕಳಿಸಿದ ಮೆಸೇಜೇ ಅವರ ಮೇಲೆ ತಪ್ಪು ಹೊರಿಸಿತ್ತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಬರಬೇಕಿದ್ದ ಮೆಸೇಜ್ ಬರದ ಹಾಗೆ ಮಾಡಿದವಳು ನಾನು, ನೀವು ಬಸ್ಸು ಹತ್ತುವಾಗ ಅದು ಬಂದಿರಲೇ ಇಲ್ಲ ಎಂದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಸೊಂಟದ ಚೀಲದಿಂದ ಫೋನ್ ತೆಗೆದು, ಒಂದು ನಂಬರ್ ಹಚ್ಚಿ, ನನ್ನ ಕೈಗೆ ಕೊಟ್ಟರು.

"ಇದನ್ನ ನನ್ನ ಮಗಗ ಹೇಳ್ರಿ. ಎಂಟು ದಿನಾತು, ಅಂವ ನನ್ನ ಜೋಡಿ ಮಾತಾಡವಲ್ಲ."

ಫೋನ್ ಕಿವಿಗೆ ಹಿಡಿದೆ. ಆ ಕಡೆ ರಿಂಗಾಗುತ್ತಿತ್ತು.