ನಾನು ಬರುವ ಮೊದಲೇ ಬಂದವಳು

ಮೈಮೇಲೆ ದೇವರು ಬಂತು, ಸತ್ತವರು ಬಾಗಿಲಲ್ಲಿ ನಿಂತಿದ್ದರು ಎಂದು ಯಾರಾದರೂ ಮಾತು ಶುರು ಮಾಡಿದರೆ ನಾನು ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ನಾನು ಹೊಸದುರ್ಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ದೆವ್ವದ ಕಥೆ ಹೇಳುವ ಮಕ್ಕಳನ್ನು ನಿಲ್ಲಿಸಿ, ಯಾರು ನೋಡಿದರು, ಎಲ್ಲಿ ನಿಂತು ನೋಡಿದರು, ಬೆಳಕು ಎಷ್ಟಿತ್ತು ಎಂದು ಒಂದೊಂದಾಗಿ ಕೇಳಿ ಕಥೆಯ ಗಾಳಿ ತೆಗೆಯುತ್ತಿದ್ದೆ. ಅದೇ ಪ್ರಶ್ನೆಗಳನ್ನು ಈಗ ನನಗೇ ಕೇಳಿಕೊಂಡು ಸಾಕಾಗಿದೆ. ನೀವು ನಂಬಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಆಗ ನಮ್ಮವರು ವಾಯುಪಡೆಯಲ್ಲಿ ತಂತ್ರಜ್ಞರಾಗಿದ್ದರು, ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ. ಮದುವೆಯಾದ ಮೇಲೆ ಅವರಿಗೆ ಬಿದ್ದ ಊರುಗಳೆಲ್ಲ ಸಂಸಾರ ಕರೆದೊಯ್ಯಲಾಗದ ಗಡಿಯ ಊರುಗಳೇ. ನಾನು, ಅತ್ತೆ, ಮಗಳು ಇಂಚರ ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿದ್ದೆವು. ಮೈದುನ ಕುರಿ ನೋಡಿಕೊಳ್ಳುತ್ತಿದ್ದ, ನಾನು ಬಸ್ಸಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದೆ. ಇಂಚರಳಿಗೆ ಅಪ್ಪ ಎಂದರೆ ಫೋನು. ಪರದೆಯ ಮೇಲಾದರೆ ಮುತ್ತು ಕೊಡುತ್ತಿದ್ದಳು. ಅದೇ ಅಪ್ಪ ರಜೆಗೆ ಬಂದು ಅಂಗಳದಲ್ಲಿ ನಿಂತರೆ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಳ್ಳುತ್ತಿದ್ದಳು.

ಹೀಗಿರುವಾಗ ಅವರಿಗೆ ಒಂದು ತರಬೇತಿ ನೆಲೆಗೆ ವರ್ಗವಾಯಿತು. ಹೊಸ ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ಜಾಗ ಅದು. ನಮ್ಮ ರಾಜ್ಯದ ಆಚೆ, ರೈಲಿನಲ್ಲಿ ಒಂದು ರಾತ್ರಿ ಒಂದು ಹಗಲಿನ ದಾರಿ. ಅಲ್ಲಿ ಸಂಸಾರಸ್ಥರಿಗೆ ಕ್ವಾರ್ಟರ್ಸ್ ಇದ್ದವು. "ಬರ್ತೀಯಾ? ನೋಡು, ನಿನ್ನಿಷ್ಟ" ಎಂದರು. ಅದೇ ಹೊತ್ತಿಗೆ ಶಾಲೆಯಲ್ಲಿ ನನ್ನ ಕೆಲಸ ಕಾಯಂ ಆಗುವ ಮಾತು ನಡೆದಿತ್ತು. ಅತ್ತೆಗೆ ಹಳ್ಳಿ ಬಿಟ್ಟು ಗೊತ್ತಿಲ್ಲ. ಹೂಂ ಎನ್ನಲೂ ಆಗದೆ, ಊಹೂಂ ಎನ್ನಲೂ ಆಗದೆ ದಸರಾ ರಜೆಗೆ ಮಾರಿಕಣಿವೆಯ ತವರಿಗೆ ಹೋದೆ.

ನಮ್ಮಪ್ಪ ಅಲ್ಲಿನ ಅಣೆಕಟ್ಟೆಯ ನೀರಾವರಿ ಕೆಲಸದಲ್ಲಿದ್ದು ನಿವೃತ್ತರಾದವರು. ಅಂದು ಆಯುಧಪೂಜೆ. ಪೂಜೆಗಿಡಲು ಈಳಿಗೆಮಣೆ ತೊಳೆಯುವಾಗ ಬಲಗೈ ತೋರುಬೆರಳು ಕುಯ್ದುಕೊಂಡೆ. ಅಮ್ಮ ಅರಿಶಿನ ಒತ್ತಿ, ಹಳೇ ಪಂಚೆಯ ಚೂರು ಹರಿದು ಕಟ್ಟಿದಳು. ಊಟದ ಹೊತ್ತಿಗೆ ಅಣ್ಣ ಶುರು ಮಾಡಿದ.

"ಕೈಗೆ ಬಂದ ಕೆಲ್ಸ ಬಿಟ್ಟು ಹೋಗ್ತೀಯಾ? ಭಾಷೆ ಬರಲ್ಲ, ಗುರುತಿಲ್ಲ. ಅಲ್ಲಿ ಯಾರವ್ರೆ ನಿಂಗೆ?"

"ಗಂಡ ಇಲ್ವೇನೋ?" ಎಂದರು ಅಪ್ಪ.

"ಅವ್ನು ಬೆಳಗಾದ್ರೆ ಡ್ಯೂಟಿ ಅಂತ ಹೋಗ್ತಾನೆ. ಇವ್ಳು ಗೋಡೆ ನೋಡ್ಕಂಡು ಕುಂತ್ಕಬೇಕು."

ನಾನು ಜಗಳಕ್ಕೆ ನಿಲ್ಲದೆ ನಡುಮನೆಯಲ್ಲಿ ಚಾಪೆ ಹಾಕಿ ಮಲಗಿದೆ. ಹಗಲು ಮಲಗುವ ಅಭ್ಯಾಸ ನನಗಿಲ್ಲ. ಆದರೆ ಅಂದು ತಲೆ ಇಟ್ಟದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು, ಅಮ್ಮ ತಂಬಿಗೆ ಹಿಡಿದು ಪಕ್ಕದಲ್ಲಿ ಕೂತಿದ್ದಳು. ನನ್ನ ಮುಖ, ಕುತ್ತಿಗೆ ಎಲ್ಲ ಒದ್ದೆ.

"ಎಷ್ಟು ಕರೆದ್ರೂ ಏಳ್ಲಿಲ್ಲಲ್ಲೇ! ಹಿಡ್ಕಂಡು ಅಲ್ಲಾಡ್ಸಿದ್ರೂ ಇಲ್ಲ. ಉಸ್ರು ಐತೋ ಇಲ್ವೋ ಅಂತ ಮೂಗಿನತ್ರ ಕೈ ಇಟ್ಟು ನೋಡ್ದೆ ಕಣೆ" ಎಂದು ಅಳುವ ದನಿಯಲ್ಲಿ ಹೇಳಿದಳು. ನನಗೆ ಕನಸು ಬಿದ್ದಿರಲಿಲ್ಲ. ದೂರ ನಡೆದು ಬಂದವರ ಹಾಗೆ ಕಾಲು ನೋಯುತ್ತಿತ್ತು. ಇನ್ನೊಂದು ವಿಷಯ: ಮಲಗುವಾಗ ಇದ್ದ ಗೊಂದಲ ಎದ್ದಾಗ ಇರಲಿಲ್ಲ. "ನಾನು ಹೋಗ್ತೀನಮ್ಮ" ಎಂದೆ. ಅಣ್ಣ ಮತ್ತೆ ಬಾಯಿ ತೆಗೆದ. "ಹೋಗ್ತೀನಿ ಅಂದ್ನಲ್ಲ, ಮುಗೀತು" ಎಂದೆ. ನನ್ನ ದನಿಯಲ್ಲಿ ಅಷ್ಟು ಗಟ್ಟಿತನ ಎಲ್ಲಿಂದ ಬಂತೋ ನನಗೇ ತಿಳಿಯದು.

ಅದಾಗಿ ಸುಮಾರು ದಿನಗಳ ಮೇಲೆ ನಮ್ಮವರಿಗೆ ಮನೆ ಮಂಜೂರಾಯಿತು. ಯಾವ ಸಾಲು, ಯಾವ ಮನೆ ಎಂಬುದು ಅಲ್ಲಿಯವರೆಗೆ ಅವರಿಗೇ ಗೊತ್ತಿರಲಿಲ್ಲ. ಅವರು ಆಗ ಬ್ಯಾರಕ್ಕಿನಲ್ಲಿದ್ದರು. ಇದನ್ನು ಒತ್ತಿ ಹೇಳಲು ಕಾರಣ ಮುಂದೆ ತಿಳಿಯುತ್ತದೆ. ನಾನು ಶಾಲೆಗೆ ರಾಜೀನಾಮೆ ಕೊಟ್ಟೆ. ದೀಪಾವಳಿ ಮುಗಿಸಿಕೊಂಡು, ಅತ್ತೆಯನ್ನೂ ಇಂಚರಳನ್ನೂ ಕರೆದುಕೊಂಡು, ರಾಗಿಹಿಟ್ಟಿನ ಡಬ್ಬ, ಅತ್ತೆಯ ಕರಿಕಂಬಳಿ ಸಮೇತ ರೈಲು ಹತ್ತಿದೆ.

ನೆಲೆಯ ಗೇಟಿನಲ್ಲಿ ನಮ್ಮೆಲ್ಲರ ಗುರುತಿನ ಚೀಟಿ ನೋಡಿ, ಚೀಲಗಳನ್ನೂ ನೋಡಿ ಒಳಗೆ ಬಿಟ್ಟರು. ಉದ್ದನೆಯ ರಸ್ತೆ, ಬುಡಕ್ಕೆ ಸುಣ್ಣ ಬಳಿದ ಬೇವಿನ ಮರಗಳು, ಒಂದೇ ಥರದ ಹಳದಿ ಮನೆಗಳು. ತಲೆಯ ಮೇಲೆ ಪುಟ್ಟ ವಿಮಾನವೊಂದು ಗುಯ್‌ಗುಟ್ಟುತ್ತ ಸುತ್ತುತ್ತಿತ್ತು. ನಮ್ಮವರು ಆಟೊದಿಂದ ಸಾಮಾನು ಇಳಿಸುತ್ತಿದ್ದರು. ಎದುರುಮನೆಯ ಬಾಗಿಲು ತೆರೆಯಿತು. ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬರಿಗಾಲಲ್ಲೇ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಬಂದ್ರಾ ಅಕ್ಕ? ಹೇಳ್ದಂಗೇ ಬಂದ್ಬಿಟ್ರಲ್ಲ!"

ನನ್ನನ್ನು ಬೇರೆ ಯಾರೋ ಎಂದುಕೊಂಡಿದ್ದಾಳೆ ಎನಿಸಿತು. ಅಷ್ಟರಲ್ಲಿ ಅವಳು ನನ್ನ ಬಲಗೈ ತಿರುಗಿಸಿ ತೋರುಬೆರಳನ್ನು ನೋಡಿದಳು. "ವಾಸಿಯಾಯ್ತಾ? ಅವತ್ತು ಅರಿಶಿನದ ಬಟ್ಟೆ ಕಟ್ಕಂಡಿದ್ರಿ, ರಕ್ತ ಒಸರ್ತಿತ್ತು" ಎಂದಳು. ಆಮೇಲೆ ನನ್ನ ಹಿಂದೆ ನಿಂತಿದ್ದ ಮಗಳನ್ನು ನೋಡಿ, "ಇವ್ಳೇ ಅಲ್ವಾ ಇಂಚರ?" ಎಂದಳು.

ನಮ್ಮವರತ್ತ ನೋಡಿದೆ. ಅವರ ಕೈಯಲ್ಲಿದ್ದ ಪೆಟ್ಟಿಗೆ ಹಾಗೇ ನಿಂತಿತ್ತು.

ಅವಳ ಹೆಸರು ಮಂಜುಳಾ. ಭರಮಸಾಗರದ ಹುಡುಗಿ. ಗಂಡ ಅಲ್ಲೇ ತರಬೇತಿಯ ಹುಡುಗರಿಗೆ ರೇಡಿಯೊ ಪಾಠ ಹೇಳುತ್ತಿದ್ದರು. ಆ ಸಾಲಿನಲ್ಲಿ ಕನ್ನಡದವಳು ಅವಳೊಬ್ಬಳೇ. ಅವಳ ಮಾತನ್ನು ಪೂರ್ತಿ ಕೇಳಲು ಮರುದಿನ ನಾನೇ ಅವಳ ಮನೆಗೆ ಹೋದೆ. ಹುಟ್ಟಿದ ಮಗು ಕೆಲವೇ ದಿನ ಇದ್ದು ತೀರಿಹೋಗಿತ್ತಂತೆ. ಆಮೇಲೆ ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಅಕ್ಕಪಕ್ಕದವರು ಒಳ್ಳೆಯವರೇ, ಆದರೆ ಅವರ ಹಿಂದಿಯಲ್ಲಿ ಇವಳಿಗೆ ಅಳಲು ಬರುತ್ತಿರಲಿಲ್ಲ.

"ಆಯುಧಪೂಜೆ ದಿನ ಅಕ್ಕ. ಇವ್ರು ವಿಮಾನ ನಿಲ್ಸೋ ಹ್ಯಾಂಗರ್‌ನಾಗೆ ಪೂಜೆ ಐತೆ ಅಂತ ಹೋಗಿದ್ರು. ನಾನು ಒಳಗಿಂದ ಚಿಲ್ಕ ಹಾಕ್ಕಂಡಿದ್ದೆ. ಇನ್ನು ಸಾಕು ಅಂತ ತೀರ್ಮಾನ ಮಾಡ್ಬಿಟ್ಟಿದ್ದೆ" ಎಂದು ಅವಳು ತಲೆ ತಗ್ಗಿಸಿದಳು. "ಆಗ ನೀವು ಬಾಗ್ಲು ಬಡಿದ್ರಿ. ನೀರು ಕೊಡವ್ವ, ನಡೆದೂ ನಡೆದೂ ಸಾಕಾಗೈತೆ ಅಂದ್ರಿ. ನಮ್ಮ ಕಡೆ ಮಾತು ಕೇಳಿ ನಂಗೆ ಅಳು ತಡೀಲಿಲ್ಲ. ಹೊತ್ತು ಇಳಿಯೋ ತಂಕ ನನ್ನ ಪಕ್ಕ ಕುಂತಿದ್ರಿ. ಎದುರುಮನೆ ತೋರ್ಸಿ, ನಾನು ಅಲ್ಲಿಗೆ ಬರ್ತೀನಿ, ಮಗಳು ಇಂಚರನೂ ಬರ್ತಾಳೆ, ನಾನು ಬರೋ ತಂಕ ನೀನು ಎಲ್ಲಿಗೂ ಹೋಗಬಾರದು ಅಂತ ಮಾತು ತಗಂಡ್ರಿ. ಮರ್ತ್ರಾ?"

ಆ ಹೊತ್ತಿನಲ್ಲಿ ನಾನು ಮಾರಿಕಣಿವೆಯಲ್ಲಿ ಚಾಪೆಯ ಮೇಲೆ ಬಿದ್ದಿದ್ದೆ, ನಮ್ಮಮ್ಮ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

ಮೇಷ್ಟ್ರ ಬುದ್ಧಿ ಸುಮ್ಮನಿರುವುದಿಲ್ಲ. ನನ್ನ ಬೆರಳಿನ ವಿಷಯ ನಮ್ಮವರಿಗೆ ಗೊತ್ತಿತ್ತೇ ಎಂದು ಕೇಳಿದೆ. ಇಲ್ಲ, ಅಷ್ಟು ಸಣ್ಣ ಗಾಯವನ್ನು ನಾನು ಫೋನಿನಲ್ಲಿ ಹೇಳಿಯೇ ಇರಲಿಲ್ಲ. ಮಂಜುಳಾಳ ಗಂಡನಿಗೆ ಮಗಳ ಹೆಸರು ಹೇಳಿದ್ದರೇ? ಅವರಿಬ್ಬರ ಪರಿಚಯವೇ ಇರಲಿಲ್ಲ. ನಮ್ಮವರು ಗೇಟಿನವರನ್ನು ವಿಚಾರಿಸಿದರು. ಹಬ್ಬದ ದಿನ ಹೊರಗಿನ ಹೆಂಗಸೊಬ್ಬಳು ಒಂಟಿಯಾಗಿ ಬಂದದ್ದೇ ಇಲ್ಲ, ಬಂದಿದ್ದರೂ ಬಿಡುತ್ತಿರಲಿಲ್ಲ ಎಂದರಂತೆ. ಕ್ವಾರ್ಟರ್ಸಿನಲ್ಲಿ ನನ್ನ ಹೋಲಿಕೆಯವರು ಯಾರಾದರೂ ಇದ್ದಾರೆಯೇ ಎಂದು ಬಹಳ ದಿನ ಹುಡುಕಿದೆ. ಒಬ್ಬರೂ ಸಿಗಲಿಲ್ಲ. ಮಂಜುಳಾಳದು ನೊಂದ ಮನಸ್ಸಿನ ಕಲ್ಪನೆ ಎನ್ನೋಣವೆಂದರೆ, ಕಲ್ಪನೆಗೆ ನನ್ನ ಬೆರಳು ಹೇಗೆ ಗೊತ್ತಾಯಿತು?

ಅವಳ ಮಾತು ಕೇಳಿ ಬಂದ ರಾತ್ರಿಯೇ, ಅದು ನಾನಲ್ಲ ಎಂದು ಅವಳಿಗೆ ಹೇಳಿಬಿಡಲೇ ಎಂದು ನಮ್ಮವರನ್ನು ಕೇಳಿದೆ. "ಈಗಲೇ ಬ್ಯಾಡ. ಆ ಹುಡುಗಿ ಆ ಒಂದು ಮಾತು ಹಿಡ್ಕಂಡು ನಿಂತವ್ಳೆ" ಎಂದರು.

ಅಂದೇ ನಾನು ನಿಶ್ಚಯ ಮಾಡಿದೆ. ಯಾರೋ, ಏನೋ, ನನ್ನ ಮುಖ ಹೊತ್ತು ಬಂದು ನನ್ನ ಹೆಸರಿನಲ್ಲಿ ಮಾತು ಕೊಟ್ಟು ಹೋಗಿದ್ದಾರೆ. ಹೇಗೆ ಎಂಬುದು ನನಗೆ ತಿಳಿಯದಿರಬಹುದು. ಮಾತು ಮಾತ್ರ ನನ್ನದೇ ಎಂದು ನಡೆಸಿಬಿಡುವುದು.

ಮರುದಿನದಿಂದ ಮಂಜುಳಾಳನ್ನು ಒಂಟಿಯಾಗಿ ಬಿಡಲಿಲ್ಲ. ಅವಳ ಗಂಡನನ್ನು ಕೂರಿಸಿಕೊಂಡು, ಎಂಥ ಅಂಚಿನವರೆಗೆ ಅವಳು ಹೋಗಿದ್ದಳು ಎಂದು ಅವಳ ಒಪ್ಪಿಗೆ ಪಡೆದು ಹೇಳಿದೆ. ಅವರು ಕಣ್ಣೀರು ಹಾಕಿದರು. ನಾನೇ ಜೊತೆಗೆ ಹೋಗಿ ನೆಲೆಯ ಆಸ್ಪತ್ರೆಯ ವೈದ್ಯೆಗೆ ತೋರಿಸಿದೆ. ನನಗೂ ಹಿಂದಿ ಅಷ್ಟಕ್ಕಷ್ಟೇ, ಇಬ್ಬರೂ ಸೇರಿ ತಪ್ಪುತಪ್ಪಾಗಿ ಮಾತಾಡಿಯೇ ಕಲಿತೆವು. ಸಂಜೆ ನಮ್ಮ ವರಾಂಡದಲ್ಲಿ ಕ್ವಾರ್ಟರ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನದ ಪಾಠ ಶುರು ಮಾಡಿದೆ. ಚಿಕ್ಕ ಮಕ್ಕಳನ್ನು ಮಂಜುಳಾ ನೋಡಿಕೊಂಡಳು.

ಸುಲಭವಿತ್ತು ಎನ್ನಲಾರೆ. ಬೆಳಕು ಹರಿಯುವ ಮೊದಲೇ ಎಂಜಿನ್ನುಗಳ ಸದ್ದು. ಶಾಲೆಯಲ್ಲಿ ಭಾಷೆ ತಿಳಿಯದೆ ಇಂಚರ ಮೊದಲ ತಿಂಗಳೆಲ್ಲ ಅತ್ತಳು. ಕೆಲಸ ಬಿಟ್ಟ ಸಂಕಟ ನನಗೂ ಆಗಾಗ ಕೆರಳುತ್ತಿತ್ತು. ಎಲ್ಲರಿಗಿಂತ ಮೊದಲು ಹೊಂದಿಕೊಂಡವರು ನಮ್ಮತ್ತೆ. ಮುಂದೊಂದು ವಿಮಾನ, ಅದರ ಹಿಂದೆ ತರಬೇತಿಯ ಹುಡುಗರದೊಂದು ಹಾರುವುದನ್ನು ಹಣೆಗೆ ಕೈ ಹಚ್ಚಿ ನೋಡುತ್ತ, "ಇವೂ ಮರಿಗಳೇ ಕಣಮ್ಮ. ತಾಯಿ ಹಿಂದಿಂದೆ ಹೋಗ್ತಾವೆ ನೋಡು" ಎನ್ನುತ್ತಿದ್ದರು. ಇಂಚರ ಅಪ್ಪನ ಸೈಕಲ್ಲಿನ ಮುಂದೆ ಕೂತು ಶಾಲೆಗೆ ಹೋದ ದಿನ, ಬಂದದ್ದು ಸಾರ್ಥಕ ಎನಿಸಿತು.

ಅಲ್ಲಿದ್ದಾಗಲೇ ಮಂಜುಳಾಳಿಗೆ ಮತ್ತೆ ಹೆರಿಗೆಯಾಯಿತು, ಹೆಣ್ಣುಮಗು. ನಮ್ಮವರು ಈಗ ನಿವೃತ್ತರು. ನಾವು ಚಿತ್ರದುರ್ಗದಲ್ಲಿ ಮನೆ ಮಾಡಿದ್ದೇವೆ, ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಮಂಜುಳಾ ಮಗಳನ್ನು ಕರೆದುಕೊಂಡು ಭರಮಸಾಗರದಿಂದ ಬಂದಿದ್ದಳು. ಊಟವಾದ ಮೇಲೆ ಇಬ್ಬರೇ ಕೂತಿದ್ದಾಗ, ಇನ್ನು ಮುಚ್ಚಿಡಬಾರದೆಂದು ಎಲ್ಲವನ್ನೂ ಹೇಳಿದೆ. ಮಾರಿಕಣಿವೆ, ಚಾಪೆ, ಅಮ್ಮನ ತಂಬಿಗೆ, ಎಲ್ಲ. ಅವಳು ಬೆಚ್ಚಿಬೀಳಬಹುದು, ಅಳಬಹುದು ಎಂದು ಕಾದೆ. ಅವಳು ನನ್ನ ಮುಖವನ್ನೇ ನೋಡುತ್ತ ಶಾಂತವಾಗಿ ಕೇಳಿಸಿಕೊಂಡಳು.

"ಅದು ನಾನಲ್ಲ ಅಂತ ನೀವು ಹೇಳ್ತೀರಿ. ನೀವೇ ಅಂತ ನಾನು ಹೇಳ್ತೀನಿ" ಎಂದಳು. "ನಮ್ಮಿಬ್ರಲ್ಲಿ ಅವತ್ತು ಅಲ್ಲಿದ್ದೋಳು ನಾನು ಅಲ್ವೇನಕ್ಕ?"

ಎಷ್ಟೋ ವರ್ಷ ಮಕ್ಕಳ ಮಾತಿನಲ್ಲಿ ಹುಳುಕು ಹುಡುಕಿದವಳು ನಾನು. ಆ ಮಾತಿನಲ್ಲಿ ಹುಳುಕು ಎಲ್ಲಿದೆಯೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.