ನಾನು ಉಪ್ಪು ಹಾಕದ ಹೋಳಿಗೆ ಸಾರು

ಹೋದ ವರ್ಷ ಆಷಾಢದಲ್ಲಿ ನನಗೊಂದು ಜ್ವರ ಬಂತು. ಐದು ದಿನಕ್ಕೆ ಇಳಿಯಿತು, ಆದರೆ ಇಳಿಯುವಾಗ ನನ್ನ ಮೂಗನ್ನು ಕೆಡಿಸಿ ಹೋಯಿತು. ಮಲ್ಲಿಗೆ ಹೂವೂ ಒಂದೇ, ಕೊಟ್ಟಿಗೆಯ ಗಂಜಲವೂ ಒಂದೇ, ಯಾವ ವಾಸನೆಯೂ ಇಲ್ಲ. ಆಪರೇಷನ್ ಆದವರು, ಮಕ್ಕಳು ಕಳೆದುಹೋಗಿ ಸಿಕ್ಕವರು ದೇವರ ಕೃಪೆಯ ಅನುಭವ ಬರೆಯುವ ಈ ಪುಟದಲ್ಲಿ ಒಂದು ಮೂಗಿನ ಕಥೆ ಹೇಳಲು ನನಗೆ ಸಂಕೋಚವೇ. ಭಕ್ತರಾದ ನೀವು ನಕ್ಕರೂ ಪರವಾಗಿಲ್ಲ, ಪೂರ್ತಿ ಓದಿ ನಗಿ.

ನನ್ನ ಹೆಸರು ಸರೋಜಮ್ಮ. ಕ್ಯಾಲನೂರಿನ ಹತ್ತಿರದ ಹಳ್ಳಿಯವಳು. ಹಿಪ್ಪುನೇರಳೆ ತೋಟ, ಮೂರು ಹಸು, ಒಬ್ಬಳು ಮಗಳು. ವಿಜಯದಶಮಿಯ ದಿನ ನಮ್ಮ ಮನೆಯಲ್ಲಿ ನಲವತ್ತು ಎಲೆ ಬೀಳುತ್ತದೆ. ಮಾಲೂರಿನಿಂದ ನಾದಿನಿಯ ಸಂಸಾರ, ಊರಿನ ನೆಂಟರು, ನಮ್ಮ ಯಜಮಾನರ ಡೇರಿ ಸ್ನೇಹಿತರು ಎಲ್ಲರೂ ಬರುತ್ತಾರೆ. ಅವರು ಬರುವುದು ಹೋಳಿಗೆಗಲ್ಲ, ಹೋಳಿಗೆ ಸಾರಿಗೆ. ಆ ಸಾರು ಮಾಡುವವಳು ನಾನು. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಅತ್ತೆ ಸೌಟನ್ನು ನನ್ನ ಕೈಗೆ ಕೊಟ್ಟರು, ಅಂದಿನಿಂದ ಯಾರ ಕೈಗೂ ಬಿಟ್ಟಿರಲಿಲ್ಲ.

ಹಬ್ಬದ ಅಡಿಗೆಯನ್ನು ನಮ್ಮಲ್ಲಿ ಮನೆದೇವರಿಗೆ ಎಡೆಯಿಡುವ ಮೊದಲು ಯಾರೂ ನಾಲಿಗೆಗೆ ಇಟ್ಟುಕೊಳ್ಳುವಂತಿಲ್ಲ. ಅಂಗೈಗೆ ಒಂದು ಹನಿ ಹಾಕಿಕೊಂಡು ನೋಡಿದರೂ ಅದು ಎಂಜಲೇ. ಹಾಗಾದರೆ ಉಪ್ಪು ಸರಿಯಾಗಿದೆಯೆಂದು ಗೊತ್ತಾಗುವುದು ಹೇಗೆ? ಮೂಗಿನಿಂದ. ಸಾರು ಕುದಿಯುವಾಗ ಉಪ್ಪು ಹಿಡಿದಿದ್ದರೆ ಆವಿಯ ವಾಸನೆಯೇ ಬೇರೆ, ಹಿಡಿಯದಿದ್ದರೆ ಬೇಯಿಸಿದ ಬೇಳೆಯ ಸಪ್ಪೆ ವಾಸನೆ. ಇದನ್ನು ಅತ್ತೆ ನನಗೆ ಕಲಿಸಿದರು. ನಾನು ಬಾಗಿಲಲ್ಲಿ ನಿಂತು ‘ಇನ್ನೊಂದು ಚಿಟಿಕೆ ಬೇಕು’ ಎನ್ನುತ್ತಿದ್ದೆ, ಅಷ್ಟೇ ಬೇಕಾಗಿರುತ್ತಿತ್ತು. ನನ್ನ ಹೆಚ್ಚುಗಾರಿಕೆಯೆಲ್ಲ ಆ ಮೂಗಿನಲ್ಲಿತ್ತು.

ಇನ್ನು ಪದ್ಮನ ವಿಷಯ. ಪದ್ಮ ನನ್ನ ಓರಗಿತ್ತಿ, ಮೈದುನ ನಾಗರಾಜನ ಹೆಂಡತಿ, ಶ್ರೀನಿವಾಸಪುರದ ಕಡೆಯವಳು, ತವರಿನಲ್ಲಿ ತೆಲುಗು ಮಾತು. ಪಕ್ಕದಲ್ಲೇ ಬೇರೆ ಒಲೆ ಹೂಡಿದ್ದಾರೆ. ಹಬ್ಬ ಮಾತ್ರ ನಮ್ಮ ಮನೆಯಲ್ಲಿ. ಅವಳಿಗೂ ಒಳ್ಳೆಯ ಕೈಯಿದೆ, ಒಪ್ಪಿಕೊಳ್ಳುತ್ತೇನೆ, ಒಪ್ಪಿಕೊಳ್ಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಅವಳು ತಟ್ಟಿದ ಹೋಳಿಗೆಯನ್ನು ಅತ್ತೆ ಬೆಳಕಿಗೆ ಹಿಡಿದು ತೋರಿಸುತ್ತಾರೆ. ನನ್ನ ಮಗಳು ಅಶ್ವಿನಿ ಕಾಲೇಜಿನಿಂದ ಬಂದವಳೇ ನಮ್ಮ ಮನೆ ದಾಟಿಕೊಂಡು ‘ಚಿಕ್ಕಮ್ಮ, ಏನಿದೆ?’ ಎಂದು ಅವಳ ಅಡಿಗೆಮನೆಗೆ ನುಗ್ಗುತ್ತಾಳೆ. ನಮ್ಮ ಯಜಮಾನರು ಎಂದೂ ನನ್ನ ಪಾಯಸವನ್ನು ಎರಡನೆಯ ಸಲ ಕೇಳಿದವರಲ್ಲ, ಅವಳದ್ದನ್ನು ಒಮ್ಮೆ ಲೋಟದಲ್ಲಿ ಹಾಕಿಸಿಕೊಂಡು ಕುಡಿದರು. ಆ ಲೋಟವನ್ನು ನಾನು ತೊಳೆದ ರೀತಿ ನೋಡಿದ್ದರೆ ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ನನಗೆ ಉಳಿದಿದ್ದು ಆ ಸಾರೊಂದೇ.

ಮೂಗು ಕೆಟ್ಟಿದ್ದು ಗೊತ್ತಾದದ್ದು ಹಾಲು ಸೀದ ದಿನ. ನಾನು ಒಲೆಯ ಪಕ್ಕದಲ್ಲೇ ಕುಳಿತು ಹುರುಳಿಕಾಯಿ ಬಿಡಿಸುತ್ತಿದ್ದೆ. ಅಶ್ವಿನಿ ಅಂಗಳದಿಂದ ಓಡಿ ಬಂದು, “ಏನಮ್ಮ, ಮನೆಯೆಲ್ಲ ಸೀದ ವಾಸ್ನೆ, ನಿಂಗೆ ಗೊತ್ತಾಗ್ಲಿಲ್ವಾ?” ಎಂದಳು. “ಗೊತ್ತಾಯ್ತು ಕಣೇ, ಏಳೋಕೆ ಸೋಮಾರಿತನ” ಎಂದು ಸುಳ್ಳು ಹೇಳಿದೆ. ಅಂದಿನಿಂದ ಸುಳ್ಳಿನ ಮೇಲೆ ಸುಳ್ಳು.

ಕಾಲು ನೋವೆಂದು ಹೇಳಿ ಒಬ್ಬಳೇ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿದೆ. ಅವರು ಲೈಟ್ ಬಿಟ್ಟು ನೋಡಿ, “ಜ್ವರದಲ್ಲಿ ವಾಸನೆಯ ನರ ಸೋತಿದೆ ಅಮ್ಮ. ಮೂರು ತಿಂಗಳಿಗೆ ಸರಿಹೋಗಬಹುದು, ವರ್ಷ ಆಗಬಹುದು, ಸರಿಹೋಗದೆಯೂ ಇರಬಹುದು” ಎಂದರು. ಬೆಳಿಗ್ಗೆ ಸಂಜೆ ಲವಂಗ, ನಿಂಬೆಹಣ್ಣು ಮೂಸಿ ಅಭ್ಯಾಸ ಮಾಡಲು ಹೇಳಿದರು. ಕೊಟ್ಟಿಗೆಯಲ್ಲಿ ಹಸುವಿನ ಮರೆಯಲ್ಲಿ ನಿಂತು ಮೂಸುತ್ತಿದ್ದೆ. ಏನೂ ಇಲ್ಲ.

ದಿನದ ಅಡಿಗೆಗೆ ತೊಂದರೆಯಿರಲಿಲ್ಲ, ನಾಲಿಗೆಗೆ ಉಪ್ಪು ತಿಳಿಯುತ್ತಿತ್ತು. ವರಮಹಾಲಕ್ಷ್ಮಿಯ ದಿನ, ಗೌರಿಯ ದಿನ ನಾಲ್ಕೈದು ಜನಕ್ಕೆ ಅಳತೆಯ ಮೇಲೆ ಹೇಗೋ ದಾಟಿಸಿದೆ. ದಸರೆಯ ದೊಡ್ಡ ಕೊಳದಪ್ಪಲೆಯದೇ ಭಯ. ಯಜಮಾನರಿಗೊಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು ನಿಜ. ಹೇಳಿದರೆ ಸೌಟು ಪದ್ಮನಿಗೆ ಹೋಗುತ್ತದೆ. ಒಂದು ಸಲ ಹೋದರೆ ಮತ್ತೆ ನನ್ನ ಕೈಗೆ ಬರುವುದಿಲ್ಲ.

ಭಾದ್ರಪದದ ಸಂಕಷ್ಟಿಯಂದು ಮುಳಬಾಗಿಲಿಗೆ ಹೋಗಿ ಅಲ್ಲಿಂದ ಆಟೋದಲ್ಲಿ ಕುರುಡುಮಲೆಗೆ ಹೋದೆ. ಆ ದೊಡ್ಡ ವಿನಾಯಕನ ಮುಂದೆ ನಿಂತರೆ ನಮ್ಮ ತಲೆ ಅವನ ಪಾದದ ಬಳಿಯೇ ಉಳಿಯುತ್ತದೆ, ಏನನ್ನೂ ಮುಚ್ಚಿಡಲು ಆಗುವುದಿಲ್ಲ. ನಾನು ಎರಡು ಬೇಡಿಕೊಂಡೆ. ಮೊದಲನೆಯದು, ದಸರೆಯ ಒಳಗೆ ಮೂಗು ಕೊಡು ಸ್ವಾಮಿ ಎಂದು. ಎರಡನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ‘ವಿಜಯದಶಮಿಯ ಪಂಕ್ತಿಯಲ್ಲಿ ಒಬ್ಬರ ಬಾಯಲ್ಲೂ ಪದ್ಮನ ಹೆಸರು ಬರದ ಹಾಗೆ ಮಾಡು, ಎಲ್ಲರೂ ನನ್ನ ಸಾರನ್ನೇ ಹೊಗಳಲಿ’ ಎಂದೆ. ಅಷ್ಟು ದೂರ ಹೋಗಿ, ಅಂಥ ದೇವರ ಮುಂದೆ ನಿಂತು, ಕೇಳಿದ್ದು ಇದು!

ಹಬ್ಬ ಬಂತು, ಮೂಗು ಬರಲಿಲ್ಲ.

ಹಿಂದಿನ ದಿನವೇ ಕಲ್ಲುಪ್ಪನ್ನು ಅಳೆದು ಒಂದು ಸ್ಟೀಲ್ ಬಟ್ಟಲಲ್ಲಿ ಎತ್ತಿಟ್ಟಿದ್ದೆ. ಸಾರು ಕುದಿ ಬಂದಾಗ ಅದನ್ನು ಸುರಿದುಬಿಟ್ಟರೆ ಆಯಿತು, ವಾಸನೆ ಹಿಡಿದವಳಂತೆ ಎರಡು ಸಲ ಮುಖ ಮುಂದೆ ಮಾಡಿದರೆ ನೋಡಿದವರಿಗೆ ಸಂಶಯವಿಲ್ಲ. ಬೆಳಿಗ್ಗೆ ಹಾಗೆಯೇ ಬಟ್ಟಲು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಹಿತ್ತಲ ಜಗುಲಿಯಿಂದ ಅತ್ತೆಯ ದನಿ ಕೇಳಿತು. “ಅಬ್ಬಾ ಪದ್ಮಾ, ಇದೇನೇ ಹೋಳಿಗೆ, ಈಚೆಯಿಂದ ಆಚೆ ಕಾಣ್ತದಲ್ಲೇ!”

ಹೋಳಿಗೆ ಅಷ್ಟು ತೆಳುವಾಗಿದೆಯೇ ಎಂದು ನೋಡದೆ ನನಗೆ ತಡೆಯಲಾಗಲಿಲ್ಲ. ಬಟ್ಟಲನ್ನು ಬೆಲ್ಲದ ಡಬ್ಬಿಯ ಹಿಂದೆ ಇಟ್ಟು ಹೋದೆ. ನಿಜವಾಗಿಯೂ ಆಚೆ ಕಾಣುತ್ತಿತ್ತು. ಉರಿಯುವ ಹೊಟ್ಟೆ ಹೊತ್ತುಕೊಂಡು ಒಳಗೆ ಬಂದವಳು ಒಗ್ಗರಣೆ ಹಾಕಿದೆ, ಕೊತ್ತಂಬರಿ ಉದುರಿಸಿದೆ, ಮುಖ ಮುಂದೆ ಮಾಡಿ ‘ಹೂಂ’ ಎಂದೆ. ಪದ್ಮ ಬಾಗಿಲಿಗೆ ಬಂದು ಒಂದು ಗಳಿಗೆ ನಿಂತು, “ಅಕ್ಕಾ, ಸಾರು ಒಂಚೂರು ನೋಡ್ಲಾ?” ಎಂದಳು.

“ನೀನು ನಿನ್ ಕಣಕ ನೋಡ್ಕೋ ಹೋಗಮ್ಮ. ಸಾರು ನೋಡೋಕೆ ನಾನಿದ್ದೀನಿ” ಎಂದು ಸಿಡುಕಿ, ಬಾಳೆ ಎಲೆ ತೊಳೆಯಲು ತೊಟ್ಟಿಯ ಹತ್ತಿರ ಹೋದೆ.

ಎಡೆಯಾಯಿತು, ಮಂಗಳಾರತಿಯಾಯಿತು. ಮೊದಲ ಪಂಕ್ತಿಯಲ್ಲಿ ಗಂಡಸರು ಮಕ್ಕಳು ಕುಳಿತರು. ಕೋಸಂಬರಿ, ಪಲ್ಯ, ಹೋಳಿಗೆಯ ಮೇಲೆ ತುಪ್ಪ, ಅನ್ನ ಬಡಿಸಿ ಆಯಿತು. ನಾಗರಾಜ ಸಾರಿನ ಬಕೆಟ್ ಹಿಡಿದು ಹೊರಟ. ಪಾನಕಕ್ಕೆ ಬೆಲ್ಲ ಸಾಲದೆಂದು ನಾನು ಡಬ್ಬಿ ಎಳೆದೆ, ಅದರ ಹಿಂದೆ ಉಪ್ಪಿನ ಬಟ್ಟಲು ತುಂಬಿಕೊಂಡು ಕುಳಿತಿತ್ತು.

ಸಾರಿಗೆ ಉಪ್ಪೇ ಬಿದ್ದಿಲ್ಲ. ಕೂಗಿ ನಿಲ್ಲಿಸೋಣವೆಂದರೆ ಆಗಲೇ ಅರ್ಧ ಪಂಕ್ತಿಗೆ ಸಾರು ಬಿದ್ದಿತ್ತು. ನಲವತ್ತು ಜನ, ಇಪ್ಪತ್ತೆರಡು ವರ್ಷದ ಹೆಸರು. ಬಾಗಿಲ ಹಿಂದೆ ನಿಂತು, ‘ಸ್ವಾಮಿ, ಮೂಗು ಬೇಡ, ಏನೂ ಬೇಡ, ಈ ಒಂದು ಹೊತ್ತು ದಾಟಿಸು’ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಬಾಗಿಲ ಸಂದಿಯಿಂದ ನೋಡಿದರೆ ನಮ್ಮ ಯಜಮಾನರು ಮೊದಲ ತುತ್ತು ಬಾಯಿಗಿಟ್ಟರು. ಈಗ ಮುಖ ಸಿಂಡರಿಸುತ್ತಾರೆ ಎಂದುಕೊಂಡೆ. ಅವರು ಸೊರ್ ಎಂದು ಎಳೆದು, “ಇನ್ನೊಂದು ಸೌಟು ಹಾಕೋ ನಾಗ” ಎಂದರು. ಪಕ್ಕದವರೂ ಕೈ ಚಾಚಿದರು. ಒಂದು ಮುಖವೂ ಕೆಡಲಿಲ್ಲ.

ಭಕ್ತ ಬಂಧುಗಳೇ, ಆಗ ನನಗೆ ಏನನ್ನಿಸಿರಬೇಕು! ಉಪ್ಪು ನನ್ನ ಬಟ್ಟಲಲ್ಲೇ ಇದೆ, ಸಾರಿನಲ್ಲೂ ಇದೆ. ದೇವರ ಮನೆಗೆ ಓಡಿ ಅಡ್ಡಬಿದ್ದು ಅತ್ತುಬಿಟ್ಟೆ. ದೀಪಕ್ಕೆ ಎಣ್ಣೆ ಹಾಕಲು ಬಂದ ಪದ್ಮ, “ಏಮಕ್ಕಾ, ಏನಾಯ್ತು?” ಎಂದು ಹೆದರಿ ನಿಂತಳು. ಸಂತೋಷದಲ್ಲಿ ನನಗೆ ಮೈಮೇಲೆ ಎಚ್ಚರವಿರಲಿಲ್ಲ. “ಪದ್ಮಾ, ವಿನಾಯಕ ಇವತ್ತು ನಮ್ಮನೆಗೆ ಬಂದಿದ್ದ ಕಣೇ. ಸಾರಿಗೆ ನಾನು ಉಪ್ಪೇ ಹಾಕಿಲ್ಲ, ಅವನೇ ಹಾಕಿದ್ದಾನೆ!” ಎಂದೆ.

ಅವಳು ಎಣ್ಣೆ ಬಟ್ಟಲನ್ನು ಕೆಳಗಿಟ್ಟಳು. “ಉಪ್ಪು ನಾನು ಹಾಕ್ದೆ ಅಕ್ಕ. ನೀವು ಎಲೆ ತೊಳೆಯೋಕೆ ಹೋದಾಗ, ಭರಣಿಯಿಂದ.”

“ನಿಂಗೆ ಹೆಂಗೆ ಗೊತ್ತಾಯ್ತು?”

“ಸಪ್ಪೆ ವಾಸ್ನೆ ಬಾಗ್ಲಿಗೇ ಬರ್ತಿತ್ತು. ನಿಮ್ಗೆ ವಾಸ್ನೆ ಬರಲ್ಲ ಅಂತ ನಂಗೆ ಶ್ರಾವಣದಲ್ಲೇ ಗೊತ್ತು. ಅಕ್ಕಿ ಡ್ರಮ್ ಹಿಂದೆ ಇಲಿ ಸತ್ತು ನಾತ ಹೊಡೀತಿತ್ತು, ನೀವು ಅಲ್ಲೇ ಕೂತ್ಕೊಂಡು ಅವಲಕ್ಕಿ ತಿಂತಿದ್ರಿ. ಯಾರ್ಗೂ ಹೇಳಿಲ್ಲ ಅಕ್ಕ.”

ಕೃತಜ್ಞತೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಹೋಳಿಗೆ ಅವಳದ್ದು, ಪಾಯಸ ಅವಳದ್ದು, ನನ್ನ ಮಗಳೂ ಅವಳ ಕಡೆ. ಜೀವನದಲ್ಲಿ ಒಂದು ಸಲ ನನಗಾಗಿ ನಡೆದ ಪವಾಡವನ್ನೂ ಇವಳೇ ಕಿತ್ತುಕೊಂಡಳಲ್ಲ ಎಂದು ಮೈ ಉರಿಯಿತು. ಎದ್ದು ಹೊರಗೆ ಬಂದೆ.

ಹೊರಗೆ ಪಂಕ್ತಿ ಏಳುತ್ತಿತ್ತು. ಡೇರಿಯ ಸ್ನೇಹಿತರೊಬ್ಬರು ಕೈತೊಳೆಯುತ್ತಾ, “ಅತ್ತಿಗೆ, ಈ ವರ್ಷದಂಥ ಸಾರು ಯಾವ ವರ್ಷನೂ ಆಗಿರ್ಲಿಲ್ಲ” ಎಂದರು. ನಾದಿನಿಯ ಗಂಡ ಹೌದೆಂದರು. ಅತ್ತೆ ಕುರ್ಚಿಯಿಂದಲೇ, “ನಮ್ ಸರೋಜನ ಮೂಗು ಅಂದ್ರೆ ಸುಮ್ನೇನಾ!” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸರೋಜ, ಸರೋಜ, ಬರೀ ಸರೋಜ. ಹೋಳಿಗೆಯ ಮಾತನ್ನೂ ಆ ಪಂಕ್ತಿಯಲ್ಲಿ ಯಾರೂ ಎತ್ತಲಿಲ್ಲ. ನನ್ನ ಹಿಂದೆ ಪದ್ಮ ಎಲೆ ಎತ್ತುತ್ತಾ ಬಗ್ಗಿ ನಡೆಯುತ್ತಿದ್ದಳು, ಒಬ್ಬರೂ ಅವಳನ್ನು ಮಾತಾಡಿಸಲಿಲ್ಲ.

ಆಗ ತಿಳಿಯಿತು. ಕುರುಡುಮಲೆಯಲ್ಲಿ ನಾನು ಬೇಡಿದ ಎರಡನೆಯದನ್ನು ಸ್ವಾಮಿ ಒಂದಕ್ಷರ ಬಿಡದೆ ನಡೆಸಿಕೊಟ್ಟಿದ್ದ. ಬೇಡಿದ್ದು ಸಿಕ್ಕಿತ್ತು, ಒಂದು ತುತ್ತೂ ನುಂಗಲಾಗದಂತೆ ಸಿಕ್ಕಿತ್ತು.

ಹೆಂಗಸರ ಪಂಕ್ತಿಗೆ ಎಲೆ ಹಾಕಿದರು. ನಾನು ಕುಳಿತುಕೊಳ್ಳಲಿಲ್ಲ. “ಅತ್ತೆ, ನಂಗೆ ಆಷಾಢದಿಂದ ವಾಸ್ನೆ ಬರಲ್ಲ. ಇವತ್ತು ಸಾರಿಗೆ ಉಪ್ಪು ಹಾಕೋದೇ ಮರೆತಿದ್ದೆ. ಹಾಕಿ ಮಾನ ಉಳಿಸಿದ್ದು ಪದ್ಮ” ಎಂದೆ. ದನಿ ಇಷ್ಟು ಜೋರಾಗುತ್ತದೆಂದು ನನಗೇ ಗೊತ್ತಿರಲಿಲ್ಲ, ಹೊರಗೆ ಎಲೆ ಅಡಿಕೆ ಹಾಕುತ್ತಿದ್ದ ಗಂಡಸರೂ ಒಳಗೆ ತಿರುಗಿ ನೋಡಿದರು. ಅತ್ತೆ ನನ್ನನ್ನು ನೋಡಿದರು, ಪದ್ಮನನ್ನು ನೋಡಿದರು. “ಇಷ್ಟು ದಿನ ಬಾಯಿ ಬಿಡ್ಲಿಲ್ವಲ್ಲೇ ಹುಚ್ಚಿ” ಎಂದು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ತುಪ್ಪವನ್ನು ಮೊದಲು ಪದ್ಮನ ಹೋಳಿಗೆಗೆ ಹಾಕಿದರು. ಅದನ್ನೂ ನಾನು ಗಮನಿಸಿದೆ, ಏನು ಮಾಡಲಿ.

ಮುಂದಿನ ಸಂಕಷ್ಟಿಗೆ ನಾನು, ಪದ್ಮ ಇಬ್ಬರೂ ಕುರುಡುಮಲೆಗೆ ಹೋದೆವು. ಬರುವಾಗ ಮುಳಬಾಗಿಲಿನಿಂದ ಬಸ್ಸಿನಲ್ಲಿ ಪಕ್ಕಪಕ್ಕ ಸೀಟು ಸಿಕ್ಕಿತು. ನನ್ನ ಎರಡನೆಯ ಬೇಡಿಕೆ ಏನಿತ್ತೆಂದು ಅವಳಿಗೆ ಹೇಳಿದೆ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

“ನಾನು ಮದುವೆಯಾಗಿ ಬಂದಾಗಿಂದ ನಿಮ್ ಸೌಟಿನ ಮೇಲೆ ಕಣ್ಣು ಹಾಕಿದ್ದೀನಿ ಅಕ್ಕ” ಎಂದಳು. ಆಮೇಲೆ ನಗು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದಳು. “ಅವತ್ತು ಉಪ್ಪು ಕೈಯಲ್ಲಿ ಹಿಡ್ಕೊಂಡು ಒಂದು ನಿಮಿಷ ನಿಂತಿದ್ದೆ. ಹಾಕ್ದೆ ಇದ್ರೆ ಇವತ್ತಿಗೆ ಸೌಟು ನಂದೇ ಅಂತ. ಯಾರೂ ನನ್ನ ಕೇಳ್ತಿರ್ಲಿಲ್ಲ.”

“ಮತ್ತೆ ಯಾಕೆ ಹಾಕ್ದೆ?”

“ಗೊತ್ತಿಲ್ಲ ಅಕ್ಕ. ನಾನಿನ್ನೂ ಯೋಚ್ನೆ ಮಾಡ್ತಾನೇ ಇದ್ದೆ. ಕೈ ತಾನಾಗೇ ಹೋಯ್ತು.”

ಬಂಧುಗಳೇ, ಇಂದಿಗೂ ನನಗೆ ಕರ್ಪೂರದ ವಾಸನೆಯೊಂದು ಆಗೊಮ್ಮೆ ಈಗೊಮ್ಮೆ ತೆಳುವಾಗಿ ಸಿಗುತ್ತದೆ, ಅಷ್ಟೇ. ಡಾಕ್ಟರು ಕಾಯಲು ಹೇಳಿದ್ದಾರೆ. ಪದ್ಮನ ಮೇಲಿನ ಹೊಟ್ಟೆಕಿಚ್ಚೂ ಪೂರ್ತಿ ಹೋಗಿಲ್ಲ. ಆದರೂ ನನ್ನ ಮೊರೆಯನ್ನು ಸ್ವಾಮಿ ಕೇಳಿದನೆಂದು ನಾಲ್ಕು ಜನರ ಮುಂದೆ ಸಾರಿ ಹೇಳುತ್ತೇನೆ. ಅಂದು ನಮ್ಮ ಅಡಿಗೆಮನೆಯಲ್ಲಿ ಒಬ್ಬಳಿಗೆ ಮೂಗಿರಲಿಲ್ಲ, ಇನ್ನೊಬ್ಬಳಿಗೆ ಮನಸ್ಸಿರಲಿಲ್ಲ. ಆದರೂ ಸಾರಿಗೆ ಉಪ್ಪು ಬಿತ್ತು. ಆ ಕೈಯನ್ನು ಮುಂದೆ ತಳ್ಳಿದವರು ಯಾರೆಂದು ಬಸ್ಸಿನಲ್ಲಿ ನಾನು ಪದ್ಮನನ್ನು ಕೇಳಲಿಲ್ಲ. ಇಬ್ಬರೂ ಆಗತಾನೇ ಅವನ ಪಾದ ಮುಟ್ಟಿ ಬಂದಿದ್ದೆವು.