ಬಂಡೆಮ್ಮನ ಬೇವಿಗೆ ನಂಬರ್ ಇರಲಿಲ್ಲ

ಯಾದಗಿರಿ ಕಡೆಯ ಬಂಡೆಮ್ಮ ಹತ್ತು ವರ್ಷ ನೀರು ಹಾಕಿ ಬೆಳೆಸಿದ ಮರಗಳನ್ನು ವರ್ಷಕ್ಕೊಮ್ಮೆ ಟೇಪು ಹಿಡಿದು ಅಳೆಯುತ್ತಿದ್ದವನು ನಾನು, ತಾರ್ನಾಕದ ಜಯತೀರ್ಥ. ಹೈದರಾಬಾದಿನ ಹೊರಗೆ ಒಂದು ಕಂಪನಿ ಬೆಳೆಸಿದ ತೋಪು ಅದು. ಕಾರ್ಖಾನೆ ಹೊಗೆಯ ಇಂಗಾಲವನ್ನು ಮರಗಳು ಹತ್ತು ವರ್ಷ ಹಿಡಿದಿಡಬೇಕು, ಅಷ್ಟರೊಳಗೆ ಕಂಪನಿ ಹೊಗೆ ಕಡಿಮೆ ಮಾಡಬೇಕು. ಕಾಗದದಲ್ಲಿ ಇದ್ದದ್ದು ಇಷ್ಟೇ. ಚಿಮಣಿ ಇವತ್ತಿಗೂ ಹಾಗೇ ಉಗುಳುತ್ತಿದೆ, ಥೂ! ಅವಧಿ ಮಾತ್ರ ಸರಿಯಾಗಿ ಮುಗಿಯಿತು.

ತೋಪಿನ ಪ್ರತಿ ಮರಕ್ಕೂ ತಗಡಿನ ನಂಬರ್ ಇತ್ತು. ಬೇಲಿಯಾಚೆ, ಬಂಡೆಮ್ಮನ ಗುಡಿಸಲ ಮುಂದಿನ ಬೇವಿಗೆ ಇರಲಿಲ್ಲ. ಅದನ್ನು ನೆಟ್ಟವನು ಅವಳ ಗಂಡ ತಾಯಪ್ಪ. ಕೂಕಟ್‌ಪಲ್ಲಿಯಲ್ಲಿ ಕಟ್ಟಡದ ಕೆಲಸ ಮಾಡುವಾಗ ಬಿದ್ದು ಸತ್ತ. ಅವನದೊಂದು ಫೋಟೊ ಕೂಡ ಅವಳ ಹತ್ತಿರ ಇಲ್ಲ. ದಿನದ ಮೊದಲ ಕೊಡ ಆ ಬೇವಿಗೇ.

"ಇವ್ರಿಗೆ ನೀರ ಹಾಕದ ನಾ ಚಾ ಕುಡಿಯಂಗಿಲ್ರಿ," ಎಂದು ನಗುತ್ತಿದ್ದಳು.

ಅವಧಿ ಮುಗಿಯಿತು, ಇನ್ನು ತೋಪು ಕಡಿದು ಮಾರುತ್ತಾರೆ ಎಂದು ನಾನೇ ಹೇಳಿದೆ.

"ಹಂಗಾರ ಇವು ನುಂಗಿದ ಹೊಗಿ ಎಲ್ಲಿಗೆ ಹೋಗತೈತ್ರಿ ಸಾಹೇಬ್ರ?"

ಕಡಿದ ಮರ ಇಟ್ಟಿಗೆ ಭಟ್ಟಿಯಲ್ಲಿ ಸುಟ್ಟು, ಹೊಗೆ ಮತ್ತೆ ಗಾಳಿಗೇ ಹೋಗುತ್ತದೆ ಎನ್ನುವ ಬದಲು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ.

ದಿಲ್‌ಸುಖ್‌ನಗರದಲ್ಲಿ ತಂಗಿಯ ಮಗನ ಮುಂಜಿ ಎಂದು ಎರಡು ದಿನ ಆ ಕಡೆ ಹೋಗಲಿಲ್ಲ. ಆಗಲೇ ಗುತ್ತಿಗೆದಾರನ ಆಳುಗಳು ಸುಣ್ಣದ ಬಕೆಟ್ ಹಿಡಿದು ಬಂದು, ಕಡಿಯಬೇಕಾದ ಮರಗಳಿಗೆಲ್ಲ ಪಟ್ಟಿ ಬಳಿದರು. ಬಂಡೆಮ್ಮನ ಊರ ಕಡೆ ರಸ್ತೆ ಬದಿಯ ಮರಗಳಿಗೆ ಸರಕಾರ ಸುಣ್ಣ ಬಳಿಸುತ್ತದೆ; ಬಳಿದ ಮರವನ್ನು ಯಾರೂ ಮುಟ್ಟುವ ಹಾಗಿಲ್ಲ. ಸಾಹೇಬರು ಯಾರಿಗೋ ಹೇಳಿ ಮರ ಉಳಿಸಿದರು ಅಂದುಕೊಂಡಳು ಪಾಪ. ಆಳುಗಳು ಊಟಕ್ಕೆ ಕೂತಾಗ ಬಕೆಟ್ ತಂದು, ತನ್ನ ಬೇವಿಗೂ ಅಚ್ಚುಕಟ್ಟಾಗಿ ಪಟ್ಟಿ ಬಳಿದಳು.

ಮೂರನೇ ದಿನ ನಾನು ಹೋದಾಗ ಬೇವಿಗೆ ಗರಗಸ ಬಿದ್ದಿತ್ತು. "ಸುಣ್ಣ ಐತಲ್ರೋ! ಕಣ್ಣ ಕಾಣಂಗಿಲ್ಲೇನು ನಿಮಗ?" ಎಂದು ಪಟ್ಟಿಯ ಮೇಲೆ ಕೈ ಬಡಿದು ಕೂಗುತ್ತಿದ್ದಳು. ಕನ್ನಡ ತಿಳಿಯದ ಆಳುಗಳು ಅವಳನ್ನು ಪಕ್ಕಕ್ಕೆ ಸರಿಸಿ ಕೊಯ್ಯುತ್ತಿದ್ದರು. ನಾನು ತೆಲುಗಿನಲ್ಲಿ ಕಿರುಚಿ ನಿಲ್ಲಿಸುವ ಹೊತ್ತಿಗೆ ಮರ ಮಲಗಿತ್ತು.

"ನಂಬರ್ ಇಲ್ಲದ ಮರ ನಮಗ್ಯಾಕೆ ಬೇಕಿತ್ತು ಸಾರ್? ಪಟ್ಟಿ ಇತ್ತು, ಅದಕ್ಕೇ ಕೊಯ್ದೆವು," ಎಂದ ಮೇಸ್ತ್ರಿ, ಸುಣ್ಣದ ಕಡೆ ಬೆರಳು ತೋರಿಸಿ, ತೆಲುಗಿನಲ್ಲೇ.

ಬಂಡೆಮ್ಮ ನನ್ನ ಮುಖ ನೋಡಿದಳು. ಕೈಯಲ್ಲಿ ಇನ್ನೂ ಸುಣ್ಣದ ಪುಡಿ.

"ಏನಂದನ್ರಿ ಅಂವಾ? ನಾ ಹಚ್ಚದಿದ್ರ ಉಳೀತಿತ್ತೇನ್ರಿ?"

"ಇಲ್ಲವ್ವ, ಹೆಂಗಿದ್ರೂ ಕಡೀತಿದ್ರು," ಎಂದೆ.